ರಾಗಿ ಬಿತ್ತನೆಗೆ ಮೂವತ್ತು ವರ್ಷದ ಮಳೆ ಲೆಕ್ಕ

ಮಳೆಯಾಶ್ರಿತ ರಾಗಿಗೆ ವರ್ಷದ ಒಟ್ಟು ಮಳೆ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಹೊಡೆ ತುಂಬಿ ತೆನೆ ಬಿಚ್ಚುವ ಹೊತ್ತಿಗೆ ಮಳೆ ಕೈಕೊಟ್ಟರೆ ಆಮೇಲೆ ಎಷ್ಟು ಸುರಿದರೂ ಜೊಳ್ಳೇ ಗತಿ. ತುಮಕೂರು, ಕೋಲಾರದ ಕೆಂಪು ಮಣ್ಣಿನ ಹೊಲಗಳಿಗೆ ಯೋಜನೆ ಮಾಡುವಾಗ ನಾನು ಹುಡುಕುವುದು ಮಳೆಯ ಬಿಡುವನ್ನು, ಅಂದರೆ ಮಳೆಯಿಲ್ಲದೆ ಸಾಲಾಗಿ ಕಳೆದ ದಿನಗಳನ್ನು.

ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದೀಚಿನ ದಿನವಹಿ ಮಳೆಯನ್ನು 0.25 ಡಿಗ್ರಿಯ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಒಂದು ಚೌಕ ಸುಮಾರು 27 ಕಿ.ಮೀ. ಅಗಲ. ಈಚಿನ 30 ವರ್ಷ ಸಾಕು. ಎಕ್ಸೆಲ್‌ಗೆ ಇಳಿಸಿದ ಕೂಡಲೇ -999 ಎಂಬ ಅಂಕಿ ಹುಡುಕಿ ಖಾಲಿ ಮಾಡಬೇಕು. ಅದು ದಾಖಲೆ ಇಲ್ಲವೆಂಬ ಗುರುತು. ಒಂದು ಉಳಿದರೂ ಆ ಅವಧಿಯ ಮೊತ್ತ ಸೊನ್ನೆಗಿಂತ ಕೆಳಗಿಳಿಯುತ್ತದೆ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನವನ್ನು ಮಳೆ ದಿನವೆಂದು ಎಣಿಸುವುದಿಲ್ಲ. ತಿಂಗಳುವಾರು ಕೂಡಿಸುವುದೂ ಇಲ್ಲ, ಮಳೆ ನಕ್ಷತ್ರದಂತೆ 13–14 ದಿನಕ್ಕೊಂದು ಕಟ್ಟು. ಮನೆಯ ಹಿರಿಯರ ಜೊತೆ ಕೂತು ತಾಳೆ ನೋಡಲು ಅದೇ ಅನುಕೂಲ.

ಪ್ರತಿ ವರ್ಷಕ್ಕೂ ಹದ ಮಳೆಯ, ಅಂದರೆ ಬಿತ್ತನೆಗೆ ಸಾಕಾಗುವ ಮಳೆಯ ದಿನ ಗುರುತಿಸುತ್ತೇನೆ: ಮೂರು ದಿನದೊಳಗೆ 20 ಮಿ.ಮೀ. ಬಿದ್ದಿರಬೇಕು, ಮುಂದಿನ 30 ದಿನದಲ್ಲಿ ಹತ್ತು ದಿನದ ಬಿಡುವು ಇರಬಾರದು. ಎರಡನೇ ಷರತ್ತು ಬಿಟ್ಟರೆ ಮೊಳೆತು ಒಣಗಿದ ಬಿತ್ತನೆಯೂ ಒಳ್ಳೆಯದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹೊಡೆ ತುಂಬಿ ತೆನೆ ಬಿಚ್ಚುವ, ಬಿತ್ತಿದ 60ರಿಂದ 80ನೇ ದಿನವೇ ಪ್ರಾಣ. ಜಿಪಿಯು-28 ರಾಗಿ ತಳಿಯನ್ನು ಜೂನ್ 10ಕ್ಕೆ ಬಿತ್ತಿದರೆ ಆ ಅವಧಿ ಆಗಸ್ಟ್ 9ರಿಂದ 29, ಆಶ್ಲೇಷ–ಮಘ. ಜುಲೈ 15ಕ್ಕೆ ಬಿತ್ತಿದರೆ ಸೆಪ್ಟೆಂಬರ್ 13ರಿಂದ ಅಕ್ಟೋಬರ್ 3, ಉತ್ತರೆ–ಹಸ್ತ. ಈ ಭಾಗದಲ್ಲಿ ಮಳೆ ಜೋರಾಗುವುದೇ ಆಗ. ಎರಡೂ ಅವಧಿಗಳಲ್ಲಿ ಹತ್ತು ದಿನದ ಬಿಡುವು 30 ವರ್ಷದಲ್ಲಿ ಎಷ್ಟು ಸಲ ಬಿತ್ತು ಎಂದು ಎಣಿಸಿದರೆ ತೀರ್ಮಾನ ಕಣ್ಣಿಗೇ ಕಾಣುತ್ತದೆ. ತಡ ಬಿತ್ತನೆಗೆ ಇನ್ನೊಂದು ಅಪಾಯವಿದೆ: ಕೊಯ್ಲು ನವೆಂಬರ್ ಮೊದಲ ವಾರಕ್ಕೆ ಬಂದು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ ತೆನೆ ನೆನೆಯಬಹುದು. ಆ ದಿನಗಳನ್ನೂ ಎಣಿಸಿ.

ಉಪಗ್ರಹ ಆಧಾರಿತ ಚಿರ್ಪ್ಸ್ (CHIRPS) ಮಳೆ ದತ್ತಾಂಶದ ಚೌಕ ಐದು ಕಿ.ಮೀ.ನಷ್ಟೇ ಚಿಕ್ಕದು, ಆಸೆ ಹುಟ್ಟಿಸುತ್ತದೆ. ಆದರೆ ಅದು ಮೂಲದಲ್ಲಿ ಐದು ದಿನದ ಮೊತ್ತ. ದಿನದ ಅಂಕಿ ಅದನ್ನು ಹಂಚಿ ಮಾಡಿದ್ದು. ಬಿಡುವು ಎಣಿಸಲು ನಾನದನ್ನು ಬಳಸುವುದಿಲ್ಲ. ಇಲಾಖೆಯ ಚೌಕವೂ ಹಲವು ಮಾಪಕಗಳ ಸರಾಸರಿಯೇ, ದೊಡ್ಡ ಮಳೆಯನ್ನು ತಗ್ಗಿಸಿ ತೋರಿಸುತ್ತದೆ. ಪಂಚಾಯಿತಿ ಮಳೆ ಮಾಪಕದ ಅಂಕಿ ಇಟ್ಟು ಹೋಲಿಸಲೇಬೇಕು. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನಿನ್ನೆ ಸಂಜೆಯ ಮಳೆ ಇವತ್ತಿನ ತಾರೀಖಿನಲ್ಲಿರುತ್ತದೆ. ಇದನ್ನು ಮರೆತು ದತ್ತಾಂಶವೇ ಸುಳ್ಳೆಂದು ಬದಿಗಿಡುವವರು ಬಹಳ.

ಹದ ಮಳೆ ಆಗಸ್ಟಿಗೆ ಜಾರುವ ವರ್ಷಗಳೂ ಪಟ್ಟಿಯಲ್ಲಿ ಸಿಗುತ್ತವೆ. ಅದಕ್ಕಾಗಿ ಅಲ್ಪಾವಧಿ ಜಿಪಿಯು-48 ಬೀಜವನ್ನು ಮೊದಲೇ ತೆಗೆದಿಡುವುದು, ನೀರಿರುವ ಕಡೆ ಎಕರೆಗೆ ಎರಡು ಕೆಜಿಯಂತೆ ಪೈರು ಬಿಟ್ಟು 21–25 ದಿನಕ್ಕೆ ನಾಟಿ ಮಾಡುವುದು. ಅದೂ ತಪ್ಪಿದರೆ ಆ ಹೊಲಕ್ಕೆ ಹುರುಳಿ.