ಮುಖ ಗುರುತಿಸುವ ಕ್ಯಾಮೆರಾ: ಸರ್ಕಾರವನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ದೃಶ್ಯವನ್ನು ದಾಖಲಿಸಿಕೊಳ್ಳುವುದಷ್ಟೇ ಕೆಲಸವಾಗಿರುವ ಕ್ಯಾಮೆರಾ ಮತ್ತು ಎದುರಿಗೆ ಹಾದುಹೋಗುವವರು ಯಾರೆಂದು ಗುರುತಿಸುವ ಕ್ಯಾಮೆರಾ ಹೊರನೋಟಕ್ಕೆ ಒಂದೇ ತೆರನಾಗಿರುತ್ತವೆ. ವ್ಯತ್ಯಾಸವಿರುವುದು ಅದರ ಹಿಂದಿನ ತಂತ್ರಾಂಶದಲ್ಲಿ, ಹುಡುಕಬೇಕಾದವರ ಮುಖಚಿತ್ರಗಳ ಪಟ್ಟಿಯಲ್ಲಿ ಮತ್ತು ಆದೇಶಗಳಲ್ಲಿ. ಆದ್ದರಿಂದ ಈ ಕಣ್ಗಾವಲನ್ನು ಪ್ರಶ್ನಿಸಬೇಕೆಂದಿರುವ ನಾಗರಿಕರು ಕಂಬದ ಮೇಲಿನ ಕ್ಯಾಮೆರಾವನ್ನು ನೋಡಿ ಊಹಿಸುವ ಬದಲು ಕಡತಗಳನ್ನು ಕೇಳಿ ಪಡೆಯಬೇಕು.

ಮೊದಲು, ಆಡಳಿತ ಬಳಸುತ್ತಿರುವುದು ಯಾವ ಬಗೆಯ ವ್ಯವಸ್ಥೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪಾಸ್‌ಪೋರ್ಟಿನ ಚಿತ್ರವನ್ನು ಅದನ್ನು ಹಿಡಿದು ನಿಂತವರ ಮುಖದೊಂದಿಗೆ ಹೋಲಿಸುವುದು ಒಂದು ಬಗೆ. ಅಪರಾಧ ನಡೆದ ಮೇಲೆ ಸಿಕ್ಕ ಚಿತ್ರವನ್ನು ಹಿಡಿದು ಸಂಗ್ರಹದಲ್ಲಿ ಹುಡುಕುವುದು ಇನ್ನೊಂದು. ರಸ್ತೆಯಲ್ಲಿ ನಡೆದುಹೋಗುವ ಪ್ರತಿಯೊಬ್ಬರ ಮುಖವನ್ನೂ ಆ ಕ್ಷಣದಲ್ಲೇ ಪಟ್ಟಿಯೊಂದಿಗೆ ತಾಳೆ ನೋಡುವುದು ಮೂರನೆಯದು. ಖಾಸಗಿತನಕ್ಕೆ ಅತಿ ಹೆಚ್ಚು ಧಕ್ಕೆ ತರುವುದು ಈ ಮೂರನೆಯದೇ, ಏಕೆಂದರೆ ಯಾವ ಅನುಮಾನಕ್ಕೂ ಒಳಗಾಗದ ಸಾವಿರಾರು ಜನರು ತಮಗೆ ತಿಳಿಯದಂತೆಯೇ ತಪಾಸಣೆಗೆ ಒಳಗಾಗುತ್ತಾರೆ.

ಎರಡನೆಯದಾಗಿ, ಇದಕ್ಕೆ ಯಾವ ಕಾನೂನಿನ ಯಾವ ಕಲಮಿನ ಆಧಾರವಿದೆ ಎಂದು ಕೇಳಿ. ಖಾಸಗಿತನ ಮೂಲಭೂತ ಹಕ್ಕು ಎಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಹಕ್ಕಿನ ಮೇಲೆ ನಿರ್ಬಂಧ ಹೇರಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಅನುಸರಿಸುವ ಕ್ರಮ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು ಎಂಬ ಅಳತೆಗೋಲು ಅಲ್ಲಿಂದ ದೊರೆಯುತ್ತದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬಳಸುವ ಅಳತೆಗೋಲೂ ಹೆಚ್ಚುಕಡಿಮೆ ಇದೇ. ಟೆಂಡರ್ ಪತ್ರವನ್ನಾಗಲಿ ಇಲಾಖೆಯ ಸುತ್ತೋಲೆಯನ್ನಾಗಲಿ ಶಾಸನಸಭೆ ಮಾಡಿದ ಕಾನೂನಿಗೆ ಸಮನೆಂದು ಒಪ್ಪಿಕೊಳ್ಳಬೇಡಿ.

ಮೂರನೆಯದು ಪಟ್ಟಿಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಬ್ರಿಟನ್ನಿನ ಸೌತ್ ವೇಲ್ಸ್ ಪೊಲೀಸರು ಬಳಸಿದ ಮುಖ ಗುರುತಿಸುವ ಕ್ಯಾಮೆರಾಗಳ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಎತ್ತಿದ ದೊಡ್ಡ ಆಕ್ಷೇಪ, ಯಾರನ್ನು ಪಟ್ಟಿಗೆ ಸೇರಿಸಬೇಕು ಮತ್ತು ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕು ಎಂಬ ಎರಡು ನಿರ್ಧಾರಗಳನ್ನು ಅತಿಯಾಗಿ ಅಧಿಕಾರಿಗಳ ವಿವೇಚನೆಗೇ ಬಿಡಲಾಗಿದೆ ಎಂಬುದಾಗಿತ್ತು. ಹಾಗಾಗಿ ಚಿತ್ರಗಳು ಎಲ್ಲಿಂದ ಬಂದವು, ಚಾಲನಾ ಪರವಾನಗಿಗೆಂದು ಕೊಟ್ಟ ಚಿತ್ರವೂ ಅದರಲ್ಲಿ ಸೇರಿದೆಯೇ, ಸೇರಿಸಲು ಯಾರ ಸಹಿ ಬೇಕು, ಖುಲಾಸೆಗೊಂಡವರ ಚಿತ್ರವನ್ನು ಯಾವಾಗ ತೆಗೆಯಲಾಗುತ್ತದೆ ಎಂದು ಬಿಡಿಬಿಡಿಯಾಗಿ ಕೇಳಬೇಕು. ತಪ್ಪು ಮಾಡದವರಿಗೆ ಭಯವೇಕೆ ಎಂದು ಹಲವರು ಕೇಳುತ್ತಾರೆ. ಮಾಸ್ಕೋ ಮೆಟ್ರೊದಲ್ಲಿ 2019ರಲ್ಲಿ ರಟ್ಟಿನ ಮನುಷ್ಯಾಕೃತಿ ಹಿಡಿದು ಒಬ್ಬರೇ ಶಾಂತಿಯುತವಾಗಿ ಪ್ರತಿಭಟಿಸಿದ ವ್ಯಕ್ತಿಯನ್ನು ಈ ತಂತ್ರಜ್ಞಾನದ ನೆರವಿನಿಂದಲೇ ಪತ್ತೆಹಚ್ಚಿ ದಂಡ ವಿಧಿಸಲಾಯಿತು. ಅವರ ಖಾಸಗಿತನ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಎರಡೂ ಉಲ್ಲಂಘನೆಯಾಗಿವೆ ಎಂದು ಯುರೋಪಿನ ನ್ಯಾಯಾಲಯ ಹೇಳಿದ್ದು 2023ರ ಜುಲೈನಲ್ಲಿ.

ನಾಲ್ಕನೆಯದು ತಪ್ಪಿನ ಲೆಕ್ಕ. ತಂತ್ರಾಂಶ ಮುಖವನ್ನು ಸಂಖ್ಯೆಗಳ ಸರಣಿಯಾಗಿ ಪರಿವರ್ತಿಸಿ, ಪಟ್ಟಿಯಲ್ಲಿರುವ ಮುಖಗಳ ಸರಣಿಗಳೊಂದಿಗೆ ಹೋಲಿಸಿ, ಎಷ್ಟರಮಟ್ಟಿಗೆ ಹೋಲುತ್ತದೆ ಎಂಬುದಕ್ಕೆ ಒಂದು ಅಂಕ ಕೊಡುತ್ತದೆ. ಎಷ್ಟು ಅಂಕ ಬಂದರೆ ‘ಇವರೇ ಅವರು’ ಎಂದು ತೀರ್ಮಾನಿಸಬೇಕೆಂಬುದನ್ನು ಗೊತ್ತುಪಡಿಸುವವರು ಮನುಷ್ಯರು. ಸಾವಿರ ಮುಖಗಳಿಗೆ ಒಮ್ಮೆ ಮಾತ್ರ ತಪ್ಪುವ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳಿ. ಅದರ ಮುಂದೆ ಒಂದು ಲಕ್ಷ ಜನ ಹಾದುಹೋದರೆ ಸುಮಾರು 100 ನಿರಪರಾಧಿಗಳ ಮೇಲೆ ಬೆರಳು ತೋರುತ್ತದೆ. ಆ ಗುಂಪಿನಲ್ಲಿ ನಿಜವಾಗಿ ಬೇಕಾದವರು ಹತ್ತೇ ಮಂದಿ ಇದ್ದು ಎಲ್ಲರೂ ಸಿಕ್ಕಿಬಿದ್ದರೂ, ಬಂದ 110 ಎಚ್ಚರಿಕೆಗಳಲ್ಲಿ 100 ಸುಳ್ಳಾಗಿರುತ್ತವೆ. ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಅಮೆರಿಕದ ಮಾನಕಗಳ ಸಂಸ್ಥೆ ನಿಸ್ಟ್ 2019ರಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಹಲವು ಬಿಳಿಯರಿಗಿಂತ ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಲ್ಲಿ 10ರಿಂದ 100 ಪಟ್ಟು ಹೆಚ್ಚು ತಪ್ಪು ಹೋಲಿಕೆ ತೋರಿಸಿದವು. ಡೆಟ್ರಾಯಿಟ್ ಬಳಿ 2020ರ ಜನವರಿಯಲ್ಲಿ ಕಪ್ಪು ವರ್ಣೀಯರೊಬ್ಬರನ್ನು ಇಂಥ ತಪ್ಪು ಹೋಲಿಕೆಯ ಆಧಾರದ ಮೇಲೆ ಮನೆಯವರೆದುರೇ ಬಂಧಿಸಿ ಸುಮಾರು 30 ಗಂಟೆ ಹಿಡಿದಿಟ್ಟರು. ಅಂಕದ ಮಿತಿ ಎಷ್ಟು, ಪರೀಕ್ಷಾ ವರದಿ ಎಲ್ಲಿದೆ, ಈವರೆಗೆ ಎಷ್ಟು ಎಚ್ಚರಿಕೆಗಳು ಸುಳ್ಳಾದವು ಎಂಬ ಮೂರು ಪ್ರಶ್ನೆಗಳನ್ನು ಯಾವ ಕಾರಣಕ್ಕೂ ಕೈಬಿಡಬೇಡಿ.

ಇನ್ನು ಅರ್ಜಿ ಬರೆಯುವ ಕೆಲಸ. ಮಾಹಿತಿ ಹಕ್ಕಿನ ಕಾನೂನು ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಅರ್ಜಿಯಲ್ಲಿ ಅಭಿಪ್ರಾಯ ಕೇಳಬೇಡಿ, ದಾಖಲೆ ಕೇಳಿ. ‘ಇದು ಸುರಕ್ಷಿತವೇ’ ಎಂದು ಕೇಳಿದರೆ ಒಂದು ಸಾಲಿನ ಸಮಾಧಾನ ಬರಬಹುದು. ‘ಖರೀದಿ ಒಪ್ಪಂದದ ಪ್ರತಿ, ಬಳಕೆಯ ನಿಯಮಾವಳಿ, ಖಾಸಗಿತನದ ಮೇಲಿನ ಪರಿಣಾಮದ ಅಧ್ಯಯನ ವರದಿ, ದತ್ತಾಂಶ ಅಳಿಸುವ ಅವಧಿ ನಿಗದಿಪಡಿಸಿದ ಆದೇಶ’ ಎಂದು ಹೆಸರಿಸಿ ಕೇಳಿದರೆ ಕೊಡಬೇಕು, ಇಲ್ಲವೇ ಅಂಥ ದಾಖಲೆಯೇ ಇಲ್ಲವೆಂದು ಲಿಖಿತವಾಗಿ ಒಪ್ಪಿಕೊಳ್ಳಬೇಕು. ದಾಖಲೆ ಇಲ್ಲವೆಂಬ ಉತ್ತರ ನ್ಯಾಯಾಲಯದಲ್ಲಿ ಬಲವಾದ ಸಾಕ್ಷ್ಯವಾಗಬಲ್ಲದು. ಭದ್ರತೆಯ ಕಾರಣ ನೀಡಿ ನಿರಾಕರಿಸಿದರೆ ಗೋಪ್ಯವಾದ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡುವಂತೆ ಕೋರಿ, ನಿಮ್ಮಲ್ಲಿನ ಕಾನೂನು ಗೊತ್ತುಪಡಿಸಿದ ಗಡುವಿನೊಳಗೆ ಮೇಲ್ಮನವಿ ಸಲ್ಲಿಸಿ.

ಕ್ಯಾಮೆರಾದ ಎಚ್ಚರಿಕೆಯಿಂದಾಗಿ ಯಾರಾದರೂ ನಿಮ್ಮನ್ನೇ ತಡೆದು ನಿಲ್ಲಿಸಿದ್ದರೆ ಕ್ರಮ ಬೇರೆ. ಸ್ಥಳ, ಸಮಯ, ಅಧಿಕಾರಿಯ ಹುದ್ದೆ ಮತ್ತು ಅವರು ಹೇಳಿದ ಕಾರಣವನ್ನು ಅಂದೇ ಬರೆದಿಟ್ಟುಕೊಳ್ಳಿ. ಹಲವೆಡೆ ದೃಶ್ಯಗಳನ್ನು ಕೆಲವೇ ದಿನಗಳಲ್ಲಿ ತಾನಾಗಿ ಅಳಿಸುವ ಏರ್ಪಾಡು ಇರುವುದರಿಂದ, ದೂರಿನ ವಿವರಗಳನ್ನು ಆಮೇಲೆ ಸಿದ್ಧಪಡಿಸಿದರೂ ಸರಿ, ಆ ಹೊತ್ತಿನ ದೃಶ್ಯ, ಹೋಲಿಕೆಯ ಅಂಕ ಮತ್ತು ಹೋಲಿಸಲಾದ ಚಿತ್ರವನ್ನು ಅಳಿಸದೆ ಕಾಯ್ದಿರಿಸಬೇಕೆಂದು ಕೋರುವ ಪತ್ರವನ್ನು ಮೊದಲು ತಲುಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.