ಮಕ್ಕಳ ಕೈಗೆ ಕಡ್ಡಿಪುಡಿ ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಜಗಲಿಯಲ್ಲಿ ಕೂತು ಒಂದು ಕಾಫಿ ಎಲೆ ಕಿತ್ಕೊಂಡು ಬಂದು ತೊಡೆ ಮೇಲೆ ಒರೆಸಿ, ತೊಟ್ಟು ಮುರಿದು, ಉಗುರಲ್ಲಿ ನಾರು ತೆಗೆದು, ಸುಣ್ಣಕ್ಕೆ ಅಂತ ಗೋಡೆಗೆ ಬೆರಳು ಸವರಿ ಎಲೆಗೆ ಹಚ್ಚಿ, ಮಡಚಿ ದವಡೆಗೆ ಇಟ್ಕೊಂಡು, ಎರಡು ಬೆರಳು ತುಟಿಗಿಟ್ಟು ಅಂಗಳಕ್ಕೆ ಪಿಚಕ್ ಅಂತ ಉಗಿದ. ಮನೆಯವರೆಲ್ಲ ನಕ್ಕರು. ನನಗೆ ಎದೆ ಧಸಕ್ ಅಂತು, ಯಾಕಂದ್ರೆ ನಾನೂ ಹತ್ತನೇ ಕ್ಲಾಸಲ್ಲಿ ಅಪ್ಪನ ಎಲೆಅಡಿಕೆ ಸಂಚಿಯಿಂದಲೇ ಶುರು ಮಾಡಿದವನು. ಈ ಎಲೆಅಡಿಕೆ, ಕಡ್ಡಿಪುಡಿ (ಜಗಿಯೋ ತಂಬಾಕು) ಅಭ್ಯಾಸ ಮಕ್ಕಳ ಬಾಯಿಗೆ ಹೋಗೋ ಎಷ್ಟೋ ವರ್ಷ ಮೊದಲೇ ಕೈಗೆ ಬಂದಿರ್ತದೆ. ಹಾಗಾಗಿ ಕೈಯಿಂದಲೇ ಶುರು ಮಾಡಿ.

ಮೊದಲ ಕೆಲಸ, ತಂಬಾಕು ತರೋಕೆ ಮಕ್ಕಳನ್ನ ಅಂಗಡಿಗೆ ಕಳಿಸೋದು ಇವತ್ತೇ ನಿಲ್ಲಿಸಿ. "ಮಗಾ, ಓಡಿ ಹೋಗಿ ಒಂದು ಪ್ಯಾಕೆಟ್ ತಾ, ಉಳಿದ ಚಿಲ್ಲರೆಗೆ ಮಿಠಾಯಿ ತಗೋ" ಅಂತೀವಲ್ಲ, ಅಲ್ಲೇ ಮಗುವಿನ ತಲೆಯಲ್ಲಿ ಪ್ಯಾಕೆಟ್ಟು ಮಿಠಾಯಿ ಎರಡೂ ಒಂದಾಗಿ ಕೂತ್ಕೊಳ್ತದೆ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಮಾರೋ ಹಾಗಿಲ್ಲ, 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಮಗುವಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಉಂಟು. ಅಂಗಡಿಯವರನ್ನ ಬೈಯೋ ಮೊದಲು ಕಳಿಸಿದ್ದು ಯಾರು ಅಂತ ನೋಡ್ಕೋಬೇಕು.

ನಮ್ಮ ಕೊಡಗಲ್ಲಿ ತಂಬಾಕು ಮನೆಗೆ ಬರೋಕೆ ಇನ್ನೊಂದು ದಾರಿ ಉಂಟು, ಜಿಗಣೆ. ಮಳೆಗಾಲ ಹಿಡಿದರೆ ತೋಟಕ್ಕೆ ಹೋಗುವಾಗ ಕಾಲಿಗೆ ಹೊಗೆಸೊಪ್ಪು ತಿಕ್ಕೋದು, ಮಕ್ಕಳ ಕಾಲಿಗೂ ತಿಕ್ಕೋದು, ಔಷಧಿ ಅನ್ನೋ ಹೆಸರಲ್ಲಿ ಅದು ಮನೆ ಒಳಗೆ ಮರ್ಯಾದೆಯಿಂದ ಬಂದು ಕೂರ್ತದೆ. ಹಲ್ಲುನೋವಿಗೆ ಕಡ್ಡಿಪುಡಿ ಇಡೋದೂ ಅಷ್ಟೇ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳೀತದೆ, ಪಿರಿಯಾಪಟ್ಟಣ ಹುಣಸೂರು ಕಡೆ ಬೆಳೆಯೋ ತಂಬಾಕಿನಂಥದ್ದನ್ನ ಹಸಿಯಾಗಿ ಕೊಯ್ಯೋ ಕೂಲಿಯವರಿಗೆ ತಲೆಸುತ್ತು ವಾಂತಿ ಬರೋದು ಇದರಿಂದಲೇ. ಜಿಗಣೆಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸ್ಕೊಳ್ಳಿ, ಸಾಕು. ಹಲ್ಲಿಗೆ ಲವಂಗ ಇಟ್ಟು ಡಾಕ್ಟರ್ ಹತ್ರ ಹೋಗಿ.

ಬೀಡಿ ಸಿಗರೇಟು ಮನೆ ಒಳಗೆ ಸೇದೋದು ಬೇಡವೇ ಬೇಡ. ಜುಲೈ ತಿಂಗಳಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿದ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಒಂದೇ ರೂಮಲ್ಲಿ ಒಬ್ಬರು ಸೇದಿದರೆ ಮಗುವೂ ಸೇದಿದ ಹಾಗೆ, ದಮ್ಮು, ಕಿವಿ ಸೋರೋದು ಜಾಸ್ತಿ ಆಗ್ತದೆ. ಬಸುರಿ ಹೆಂಗಸರು ಹೊಗೆಸೊಪ್ಪು ಹಾಕಿದರೆ ಮಗು ತೂಕ ಕಮ್ಮಿ ಹುಟ್ತದೆ.

"ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆಅಡಿಕೆ" ಅನ್ನೋರು ಸ್ವಲ್ಪ ಕೇಳಿ. ಅಡಿಕೆಯೇ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಮಕ್ಕಳು ಸ್ವೀಟ್ ಅಡಿಕೆ ಪ್ಯಾಕೆಟ್ಟಿಂದ ಶುರು ಮಾಡ್ತಾರೆ. ಗುಟ್ಕಾ 2013ರಲ್ಲಿ ಬ್ಯಾನ್ ಆದಮೇಲೆ ಪಾನ್ ಮಸಾಲ ಒಂದು, ತಂಬಾಕು ಒಂದು, ಎರಡು ಪ್ಯಾಕೆಟ್ ತಗೊಂಡು ಕಲಸ್ಕೊಳ್ತಾರೆ. ಬಾಯಿ ಪೂರ್ತಿ ತೆರೀತದಾ ಅಂತ ಒಂದು ಪರೀಕ್ಷೆ ಮಾಡಿ, ನಿಮ್ಮದೇ ಮೂರು ಬೆರಳು ಮೇಲೆ ಕೆಳಗೆ ನಿಲ್ಲಿಸಿ ಬಾಯೊಳಗೆ ಹೋಗ್ತದಾ ನೋಡಿ, ಮಗನದ್ದು ಅವನ ಬೆರಳಲ್ಲಿ ನೋಡಿ. ಹೋಗದಿದ್ರೆ, ಖಾರ ತಿಂದಾಗ ಬಾಯಿ ಉರಿದರೆ, ಹಲ್ಲಿನ ಡಾಕ್ಟರಿಗೆ ಕೂಡಲೇ ತೋರಿಸಿ.

ಮನೆಯ ಹಿರಿಯರಿಗೆ ಬಿಡಿ ಅಂತ ಆರ್ಡರ್ ಮಾಡಕ್ಕಾಗಲ್ಲ. ನಾನು ಅಪ್ಪನಿಗೆ ಕೇಳಿದ್ದು ಇಷ್ಟೇ, "ಅಪ್ಪಾ, ಹುಡುಗನ ಎದುರು ಸಂಚಿ ಬಿಚ್ಚಬೇಡಿ, ಅವನ ಹತ್ರ ಅಡಿಕೆ ಕುಟ್ಟಿಸ್ಬೇಡಿ." ಅವರು ಒಂದು ವಾರ ಮಾತಾಡಲಿಲ್ಲ, ಆಮೇಲೆ ಸಂಚಿ ತಾನಾಗೇ ಅಟ್ಟಕ್ಕೆ ಹೋಯ್ತು. ಮದುವೆ, ಪೂಜೆಗೆ ತಾಂಬೂಲ ಇರಲಿ, ತಟ್ಟೆಯಲ್ಲಿ ಹೊಗೆಸೊಪ್ಪು ಮಾತ್ರ ಇಡಬೇಡಿ.

ಇನ್ನು ನೀವು ಬಿಡೋದು. ಮೊದಲ ಮೂರು ದಿನ ಬಹಳ ಕಷ್ಟ, ಆದರೆ ಒಂದೊಂದು ಸಲ ಬರೋ ಆಸೆ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ಬಾಯಿಗೆ ಏಲಕ್ಕಿ ಹಾಕ್ಕೊಂಡು ತಡ್ಕೊಳ್ಳಿ. ಮೆಡಿಕಲ್ ಶಾಪಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗ್ತದೆ, ಅದನ್ನ ಬಬಲ್ ಗಮ್ ಥರ ಜಗೀಬೇಡಿ, ನಾಲ್ಕೈದು ಸಲ ಜಗಿದು ಬಾಯಿ ಚುರುಗುಟ್ಟಿದಾಗ ಕೆನ್ನೆ ಸಂದಿಗೆ ಇಟ್ಬಿಡಿ. ಗಮ್ ಹಾಕೋ 15 ನಿಮಿಷ ಮೊದಲು ಕಾಫಿ ಕುಡೀಬೇಡಿ, ಕುಡಿದರೆ ಅದು ಸರಿಯಾಗಿ ಹಿಡಿಯಲ್ಲ (ನಮ್ಮ ಊರಲ್ಲಿ ಇದೇ ಕಷ್ಟ). 1800-11-2356 ಸರ್ಕಾರದ ಫ್ರೀ ನಂಬರ್, ಬಿಡೋಕೆ ಹೇಗೆ ಅಂತ ಹೇಳಿಕೊಡ್ತಾರೆ. ಮತ್ತೆ ಕದ್ದು ಬಿಡಬೇಡಿ, ಮಕ್ಕಳಿಗೆ ಹೇಳಿಯೇ ಬಿಡಿ, ನೀವು ಒದ್ದಾಡೋದನ್ನ ಅವರು ನೋಡಲಿ.

ಮಗನ ಬ್ಯಾಗಲ್ಲಿ ಪ್ಯಾಕೆಟ್ ಸಿಕ್ಕಿದ್ರೆ ಹೊಡೀಬೇಡಿ. ನನಗೆ ಅಪ್ಪ ಹೊಡೆದದ್ದಕ್ಕೆ ನಾನು ಕಲಿತದ್ದು ತೋಟದ ಹಿಂದೆ ಹೋಗಿ ಹಾಕೋದು, ಅಷ್ಟೇ. ಯಾವಾಗಿಂದ, ಯಾರ ಜೊತೆ, ದಿನಕ್ಕೆ ಎಷ್ಟು ಅಂತ ಮೆಲ್ಲಗೆ ಕೇಳಿ, ನೀವು ಶುರು ಮಾಡಿದ ಕಥೆಯನ್ನೂ ಮುಚ್ಚಿಡದೆ ಹೇಳಿ, ಆಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು ಆ ನಂಬರಿಗೆ ಇಬ್ಬರೂ ಸೇರಿ ಫೋನ್ ಮಾಡಿ.