ಔಷಧ ಲೇಖನಗಳ ಹುಡುಕಾಟ: ನಮ್ಮ ಕಡತ ಮತ್ತು ಎಂಬೇಸ್

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಫಾರ್ಮಾಸಿಸ್ಟ್ ಆಗಿರುವ ನನಗೆ, ವೈದ್ಯರು ಔಷಧಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಪ್ರಕಟಿತ ಲೇಖನಗಳ ಆಧಾರ ಹುಡುಕಿಕೊಡುವುದು ದಿನನಿತ್ಯದ ಕೆಲಸ. ಇದಕ್ಕೆಂದೇ ನಾವು ಹಲವು ವರ್ಷಗಳಿಂದ ಎಕ್ಸೆಲ್‌ನಲ್ಲಿ ಒಂದು ಡೇಟಾಬೇಸ್ ಬೆಳೆಸಿಕೊಂಡು ಬಂದಿದ್ದೇವೆ. ವೈದ್ಯಕೀಯ ಲೇಖನಗಳನ್ನು ಹುಡುಕಲು ಚಂದಾ ಕಟ್ಟಿ ಬಳಸುವ ಎಂಬೇಸ್ ಎಂಬ ಡೇಟಾಬೇಸ್‌ಗೆ ಒಂದು ತಿಂಗಳ ಪ್ರಾಯೋಗಿಕ ಪ್ರವೇಶ ಸಿಕ್ಕಾಗ, ಚಂದಾ ಕಟ್ಟಬೇಕೇ ಬೇಡವೇ ಎಂಬುದನ್ನು ಎರಡನ್ನೂ ಹೋಲಿಸಿ ನೋಡಿಯೇ ತೀರ್ಮಾನಿಸೋಣವೆಂದುಕೊಂಡೆ.

ನೋಂದಣಿ ಪುಸ್ತಕದಿಂದ ವೈದ್ಯರು ನಿಜವಾಗಿ ಕೇಳಿದ್ದ 20 ಪ್ರಶ್ನೆಗಳನ್ನು ಆರಿಸಿ, ಒಂದೊಂದನ್ನೂ ಎರಡೂ ಕಡೆ ಹುಡುಕಿ, ಸಾರಾಂಶಗಳನ್ನು ಓದಿ, ಪ್ರಶ್ನೆಗೆ ಉತ್ತರವಾಗುವ ಲೇಖನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದೆ. ಸಂಖ್ಯೆಯಲ್ಲಿ ಎಂಬೇಸ್ ಬಹಳ ಮುಂದಿತ್ತು. ಆದರೆ ನಮ್ಮಲ್ಲಿದ್ದೂ ನಮ್ಮ ಕೈಗೆ ಸಿಗದೆ ಹೋದ ಲೇಖನಗಳೇ ನನ್ನನ್ನು ಹೆಚ್ಚು ಕಾಡಿದವು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಈ ಕಾಯಿಲೆ ಬಂದು ಯಕೃತ್ತಿನ ಕಿಣ್ವಗಳು ಏರಿರುವ ರೋಗಿಗೆ ಜ್ವರ ಇಳಿಸಲು ಪ್ಯಾರಸಿಟಮಾಲ್ ಎಷ್ಟು ಕೊಡಬಹುದೆಂದು ವೈದ್ಯರೊಬ್ಬರು ಕೇಳಿದ್ದರು. ನಮ್ಮ ಕಡತದಲ್ಲಿ ‘ಕ್ಯಾಸನೂರು’ ಎಂದು ಹುಡುಕಿದರೆ ಬಂದದ್ದು ಎರಡೇ ದಾಖಲೆ. ನಂಬಲಾಗದೆ ಸಾಲುಸಾಲಾಗಿ ಕಣ್ಣಾಡಿಸಿದಾಗ, ಅದೇ ರೋಗವನ್ನು ಒಬ್ಬರು ‘ಕೆಎಫ್‌ಡಿ’ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂದೂ ಇನ್ನೊಬ್ಬರು ‘ಮಂಕಿ ಫೀವರ್’ ಎಂದೂ ನಮೂದಿಸಿದ್ದು ಕಂಡಿತು. ಔಷಧದ ಹೆಸರೂ ಹಾಗೆಯೇ ಒಡೆದಿತ್ತು: ಅಮೆರಿಕದ ಲೇಖನಗಳಿಂದ ಇಳಿಸಿಕೊಂಡ ಸಾಲುಗಳಲ್ಲಿ ಪ್ಯಾರಸಿಟಮಾಲ್ ‘ಅಸಿಟಮಿನೋಫೆನ್’ ಆಗಿತ್ತು. ಎಂಬೇಸ್‌ನಲ್ಲಿ ಈ ತೊಡಕಿಲ್ಲ. ಅದರ ಎಮ್‌ಟ್ರೀ ಪದಕೋಶ ಎರಡೂ ಹೆಸರುಗಳನ್ನು ‘ಪ್ಯಾರಸಿಟಮಾಲ್’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸುತ್ತದೆ. ಪಬ್‌ಮೆಡ್ ಎಂಬ ಇನ್ನೊಂದು ವೈದ್ಯಕೀಯ ಡೇಟಾಬೇಸ್‌ನ ಮೆಶ್ ಪದಕೋಶ ಅಸಿಟಮಿನೋಫೆನ್ ಎಂಬುದನ್ನೇ ಶೀರ್ಷಿಕೆಯಾಗಿ ಇಟ್ಟುಕೊಂಡಿದ್ದರೂ ಪ್ಯಾರಸಿಟಮಾಲ್ ಎಂದು ಕೇಳಿದವರನ್ನು ಅಲ್ಲಿಗೇ ಕರೆದೊಯ್ಯುತ್ತದೆ.

ನಮ್ಮಲ್ಲಿ ಮಾತ್ರ ಸಿಕ್ಕಿದ್ದೂ ಉಂಟು: ನಮ್ಮ ವಾರ್ಡುಗಳಿಂದ ಬಂದ ಅಡ್ಡಪರಿಣಾಮದ ವರದಿಗಳು, ಹಿಂದೆ ನಾವೇ ಕೊಟ್ಟ ಉತ್ತರಗಳು, ಸ್ಥಳೀಯ ಸಭೆಗಳಲ್ಲಿ ಮಂಡಿಸಿದ ಪ್ರಕರಣಗಳು. ಮಲೆನಾಡಿನ ರೋಗಿಯ ಬಗ್ಗೆ ಪ್ರಶ್ನೆ ಬಂದಾಗ ನಾನು ಮೊದಲು ತೆರೆಯುವುದು ಇವನ್ನೇ.

ಚಂದಾ ಬೇಕೆಂದೇ ಆಡಳಿತಕ್ಕೆ ಬರೆದುಕೊಟ್ಟೆ; ಹಣ ಮಂಜೂರಾಗುವವರೆಗೆ ಉಚಿತವಾಗಿ ಸಿಗುವ ಪಬ್‌ಮೆಡ್ ಇದ್ದೇ ಇದೆ. ಅದಕ್ಕಿಂತ ಮೊದಲು ನಮ್ಮ ಕಡತಕ್ಕೆ ಹೊಸದೊಂದು ಕಾಲಂ ಸೇರಿಸಿ, ಪ್ರತಿ ದಾಖಲೆಗೂ ಮೆಶ್ ಶೀರ್ಷಿಕೆಯನ್ನೂ ನಮ್ಮ ಕಡೆ ಬಳಕೆಯಲ್ಲಿರುವ ಹೆಸರುಗಳನ್ನೂ ತುಂಬಿಸಿದೆ. ಈಗ ‘ಮಂಗನ ಕಾಯಿಲೆ’ ಎಂದು ಟೈಪಿಸಿದರೂ ಸಾಕು, ಬೇರೆ ಬೇರೆ ಹೆಸರುಗಳಲ್ಲಿ ಚದುರಿದ್ದ ದಾಖಲೆಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ.